ಬಣಕಲ್ಲಿನ ಗಾಡಿಕೊಟ್ಟಿಗೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಇಸ್ತ್ರಿ ಅಂಗಡಿಯಿದೆ. ಚಿಕ್ಕಮಗಳೂರಿನಲ್ಲಿ ಈಗ ಮನೆಮನೆಗೂ ಕರೆಂಟಿನ ಇಸ್ತ್ರಿಪೆಟ್ಟಿಗೆ ಬಂದಿದ್ದರೂ ಆ ಮನುಷ್ಯ ಮಾತ್ರ ಇದ್ದಿಲನ್ನೇ ನೆಚ್ಚಿಕೊಂಡಿದ್ದಾನೆ. ಮೊನ್ನೆ ಮಳೆ ಹಿಡಿದ ಬೆಳಿಗ್ಗೆ ಸೀರೆ ಕೊಡಲು ಹೋದಾಗ ಅವನ ಇದ್ದಿಲು ಒದ್ದೆಯಾಗಿ, ಹೊತ್ತಿಕೊಳ್ಳದೆ ಹೊಗೆಯಾಡುತ್ತಿತ್ತು. ಹಸಿ ಇದ್ದಿಲಿನ ಹೊಗೆಗೆ ಒಂದು ಕಮಟು ಸಿಹಿವಾಸನೆ ಇರುತ್ತದೆ, ಗಂಟಲಿನ ಹಿಂಭಾಗಕ್ಕೆ ಹೋಗಿ ಕೂರುತ್ತದೆ. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. "ತಲೆ ಸುತ್ತಿತಾ ಅಮ್ಮ?" ಎಂದು ಅವನು ಕೇಳಿದ. ಇಲ್ಲಪ್ಪ, ಬಣಕಲ್ಲಿಗೆ ಹೋಗಿದ್ದೆ ಎಂದು ಹೇಳಿದರೆ ಅವನಿಗೆ ಏನು ತಿಳಿದೀತು?

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ಪೆಟ್ರೋಲು ಸಿಗುತ್ತಿರಲಿಲ್ಲ. ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂಬದಿಗೆ ನೀರೊಲೆಯ ಹಂಡೆಯಂಥ ಒಂದು ಡ್ರಮ್ಮು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಕೈಯಿಂದ ಗಾಳಿ ತಿರುವಿ ತಿರುವಿ ಇಂಜಿನ್ನು ಎಬ್ಬಿಸಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ಚಾರ್ಮಾಡಿ ಘಟ್ಟ ಹತ್ತಿ ಬಂದ ಬಸ್ಸು ಬಣಕಲ್ಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾ ನಿಂತುಬಿಡುತ್ತಿತ್ತು. ಘಟ್ಟ ಇಳಿಯುವ ಬಸ್ಸೂ ಅಲ್ಲೇ ನಿಂತು ಇದ್ದಿಲು ತುಂಬಿಕೊಳ್ಳುತ್ತಿತ್ತು. ಗಂಟೆಗಟ್ಟಲೆ ಜನ ಮಳೆಯಲ್ಲಿ, ಹಲಸಿನ ಮರದ ಬುಡದಲ್ಲಿ, ಮಕ್ಕಳನ್ನು ಸೆರಗಿನೊಳಗೆ ಇಟ್ಟುಕೊಂಡು ಕಾಯುತ್ತಿದ್ದರು. ನನ್ನ ಬದುಕಿನ ಒಂದು ವರ್ಷ ಪೂರ್ತಿ ಆ ಹೊಗೆಯಲ್ಲೇ ನಡೆಯಿತು.

ನಾನು ಆಗ ಅಲ್ಲಿನ ದವಾಖಾನೆಯಲ್ಲಿ ಹೆರಿಗೆ ನರ್ಸು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಚಳಿಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತವರಿನವರು ಕರೆದರು, ಹೋಗಲಿಲ್ಲ. ಮೈಸೂರಿಗೆ ಹೋಗಿ ತರಬೇತಿ ಮುಗಿಸಿ ಬಂದು ಕೆಲಸಕ್ಕೆ ಸೇರಿಕೊಂಡೆ. ಅತ್ತೆ ಪುಟ್ಟಮ್ಮ ನನ್ನ ಜೊತೆಗೇ ಉಳಿದರು. ನಾವಿಬ್ಬರೂ ಒಬ್ಬನೇ ಮನುಷ್ಯನನ್ನು ಕಳೆದುಕೊಂಡವರು. ಆ ವಿಷಯ ಮಾತ್ರ ಎಂದೂ ಮಾತಾಡಿಕೊಳ್ಳಲಿಲ್ಲ.

ಮನೆಗಳ ಹುಚ್ಚು ನಮಗೆ ಹತ್ತಿದ್ದು ಆಸೆಯಿಂದಲ್ಲ, ಅವಮಾನದಿಂದ. ಊರಿನಲ್ಲಿ ನಮಗೆ ಬಾಡಿಗೆ ಮನೆ ನಿಲ್ಲುತ್ತಿರಲಿಲ್ಲ. ಎಲ್ಲ ಜಾತಿಯವರ ಮನೆಗೂ, ಎಸ್ಟೇಟಿನ ಕೂಲಿ ಲೈನುಗಳಿಗೂ ಹೋಗಿ ಹೆರಿಗೆ ಮಾಡಿಸಿ ಬರುವ ಹೆಂಗಸು ನಾನು. ಮನೆ ಕೊಡುವಾಗ "ಅದಕ್ಕೇನಂತೆ ನರ್ಸಮ್ಮ, ಪುಣ್ಯದ ಕೆಲ್ಸ" ಎನ್ನುತ್ತಿದ್ದವರೇ ಮಳೆಗಾಲ ಬರುವಷ್ಟರಲ್ಲಿ "ನಮ್ಮ ಮನೇಲಿ ದೇವರಕಾರ್ಯ ಇದೆ, ಬೇರೆ ನೋಡ್ಕಳಿ" ಎನ್ನುತ್ತಿದ್ದರು. ಮೂರನೆಯ ಸಲ ಪಾತ್ರೆ ಪಡಗ ಹೊತ್ತುಕೊಂಡು ರಸ್ತೆಗೆ ಬಂದಾಗ ಅತ್ತೆ ಒಲೆಗುಂಡುಗಳ ಮೇಲೆ ಕೂತು, "ಇನ್ನೊಬ್ಬರ ಸೂರಿನಡಿ ನಾನು ಇನ್ನು ಮಲಗದಿಲ್ಲ" ಎಂದರು. ಅತ್ತೆ ಹೇಳಿದರೆ ಹೇಳಿದ್ದೇ.

ದವಾಖಾನೆಯ ಹಿಂದಿನ ಒಂದು ಸಣ್ಣ ಹೆಂಚಿನ ಮನೆಯನ್ನು ಹೇಗೋ ಕೊಂಡೆವು. ಗೋಡೆ ಒಂದು ಕಡೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಿಸಿದ ಮೇಲೆ ಅತ್ತೆಗೆ ಏನೋ ಒಂದು ಗುಟ್ಟು ಸಿಕ್ಕಿದಂತಾಯಿತು. ಹಿಂದಿನ ಕೋಣೆಯನ್ನು ಪ್ರೈಮರಿ ಶಾಲೆಯ ಮೇಷ್ಟರಿಗೆ ಬಾಡಿಗೆಗೆ ಕೊಟ್ಟರು. ಹಿತ್ತಿಲಿನ ಚಪ್ಪಡಿಯನ್ನು ಮೆಣಸು ಒಣಗಿಸುವವರಿಗೆ ಬಿಟ್ಟುಕೊಟ್ಟು ಅದಕ್ಕೆ ಪ್ರತಿಯಾಗಿ ಮೆಣಸು ಇಸಿದುಕೊಂಡರು. ಮುಂದೆ ಮೂಡಿಗೆರೆಯಲ್ಲೂ ಒಂದು ಜೋಡಿ ಕೋಣೆ ನಮ್ಮದಾಯಿತು. ನಾನು ಸಂಬಳ ತರುವುದು, ಅತ್ತೆ ಅದನ್ನು ಗೋಡೆಯಾಗಿ ಹೆಂಚಾಗಿ ಮಾಡುವುದು, ಹೀಗೆ ನಡೆದಿತ್ತು. ಹೆರಿಗೆಗೆಂದು ಎಸ್ಟೇಟಿಗೆ ಹೋದಾಗ ದಾರಿಯಲ್ಲಿ ಬಿದ್ದ ಹಳೇ ಬಂಗಲೆ ಕಂಡರೆ ನಿಂತು ಅದರ ತೊಲೆ ನೋಡುವುದು ನನಗೂ ಅಭ್ಯಾಸವಾಯಿತು. ಒಮ್ಮೆ ಬಾಣಂತಿಗೆ ಕಷಾಯ ಕುಡಿಸುತ್ತಲೇ ಮನೆಯ ಯಜಮಾನನ ಹತ್ತಿರ ಹಳೇ ಹೆಂಚಿನ ವ್ಯಾಪಾರ ಮುಗಿಸಿದೆ. "ನರ್ಸಮ್ಮ ಒಂದು ಮನೆಗೆ ಹೋದರೆ ಮಗು ಕೊಟ್ಟು ಹೆಂಚು ತರ್ತಾರೆ" ಎಂದು ಜನ ನಗುತ್ತಿದ್ದರು. ಆ ನಗೆಯಲ್ಲಿ ಆಗ ವಿಷವಿರಲಿಲ್ಲ.

ಅತ್ತೆಗೆ ಒಂದೇ ಲೆಕ್ಕ. ಬಾಡಿಗೆ ನನ್ನ ಸಂಬಳದ ಸಮಕ್ಕೆ ಬಂದ ದಿನ ನಾನು ಕೆಲಸ ಬಿಡಬೇಕು. ಹೆರಿಗೆ ಕೆಲಸವೆಂದರೆ ಅವರಿಗೆ ಆಗುತ್ತಿರಲಿಲ್ಲ. ನಾನು ಎಷ್ಟು ಹೊತ್ತಿಗೆ ಬಂದರೂ ಹಿತ್ತಿಲ ಬಚ್ಚಲಲ್ಲಿ ಮಿಂದು, ಸೀರೆ ಬದಲಾಯಿಸಿಯೇ ಒಳಗೆ ಕಾಲಿಡಬೇಕು. ಬಿಸಿನೀರು ಮಾತ್ರ ಸದಾ ಕಾಯುತ್ತಿರುತ್ತಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಯಾರ ಮನೆ, ಗಂಡೋ ಹೆಣ್ಣೋ, ತಾಯಿ ಹೇಗಿದ್ದಾಳೆ, ಒಂದು ದಿನವೂ ಕೇಳಿದವರಲ್ಲ.

"ಇನ್ನೆಷ್ಟು ವರ್ಷ ಈ ರಕ್ತದಲ್ಲಿ ಕೈ ಅದ್ದೋದು ಸೀತು? ಗಾಡಿಕೊಟ್ಟಿಗೆ ಒಂದು ಸಿಕ್ಕಿದ್ರೆ ನಿಂಗೆ ಬಿಡುಗಡೆ" ಎನ್ನುತ್ತಿದ್ದರು.

ಗಾಡಿಕೊಟ್ಟಿಗೆ ಎಂದರೆ ರಸ್ತೆಗೆ ತಾಗಿಕೊಂಡಿದ್ದ ಒಂದು ಉದ್ದನೆಯ ಹಳೇ ಕಟ್ಟಡ. ಲಾರಿಗಳು ಬರುವ ಮೊದಲು ಕಾಫಿ ಮೂಟೆ ಹೇರಿಕೊಂಡು ಘಟ್ಟ ಇಳಿಯುವ ಎತ್ತಿನಗಾಡಿಗಳು ಅಲ್ಲಿ ತಂಗುತ್ತಿದ್ದವು. ಆಮೇಲೆ ಅದು ಹಾಳುಬಿದ್ದು, ಒಳಗೆ ಲಂಟಾನ ಬೆಳೆದಿತ್ತು. ಸರಿಯಾಗಿ ಅದರೆದುರಿಗೇ ಈಗ ಇದ್ದಿಲ ಬಸ್ಸುಗಳು ನಿಲ್ಲುತ್ತಿದ್ದವು. ಊರಿಗೆಲ್ಲ ಅಲ್ಲಿ ಕಂಡದ್ದು ಹೊಗೆ. ಅತ್ತೆಗೆ ಕಂಡದ್ದು ಒದ್ದೆಯಾಗಿ ನಿಂತ ಜನ.

ಕೊಟ್ಟಿಗೆ ಮಲ್ಲೇಗೌಡರದು. ಬಣಕಲ್ಲಿನಾಚೆ ದೊಡ್ಡ ತೋಟ ಇಟ್ಟುಕೊಂಡಿದ್ದ, ಕಡಿಮೆ ಮಾತಿನ ಹಿರಿಯರು. ಯುದ್ಧದಿಂದಾಗಿ ಕಾಫಿ ಹಡಗು ಹತ್ತುತ್ತಿರಲಿಲ್ಲ. ಹಿಂದಿನ ಕೊಯ್ಲಿನ ಮೂಟೆಗಳೇ ಗೋಡೌನಿನಲ್ಲಿ ಕೂತಿದ್ದವು. ತೋಟ ಉಳಿಸಿಕೊಳ್ಳಲು ಅವರು ತೋಟದ ಹೊರಗಿನ ಆಸ್ತಿಯನ್ನು ಮಾರಲು ಹೊರಟಿದ್ದಾರೆಂಬ ಸುದ್ದಿ ಬಂತು. ಕೊಳ್ಳಲು ಆಗಲೇ ಒಬ್ಬರಿದ್ದರು, ಮರದ ವ್ಯಾಪಾರದ ತಿಮ್ಮಪ್ಪಯ್ಯ. ದಿಮ್ಮಿ ದಾಸ್ತಾನಿಗೆ ಅವರಿಗೆ ಜಾಗ ಬೇಕಿತ್ತು.

ಒಂದು ಭಾನುವಾರ ಅತ್ತೆ ನನ್ನನ್ನು ಕರೆದುಕೊಂಡು ಗೌಡರ ಮನೆಗೆ ಹೋದರು. ಗೌಡರು ಕಾಫಿ ಕೊಡಿಸಿ, ಬಹಳ ಹೊತ್ತು ಅಂಗಳ ನೋಡುತ್ತಾ ಕೂತರು.

"ತಿಮ್ಮಪ್ಪಯ್ಯ ನಾಳೆನೇ ಪೂರ್ತಿ ದುಡ್ಡು ಕೈಗೆ ಕೊಡ್ತೀನಿ ಅಂತಾರೆ. ನೀವು ಎರಡು ಕಂತು ಅಂತೀರಿ" ಎಂದರು.

"ಹೌದು. ನಮ್ಮತ್ರ ಇರದು ಅಷ್ಟೇ" ಎಂದರು ಅತ್ತೆ.

"ಮತ್ತೆ ನಾನ್ಯಾಕೆ ನಿಮಗೆ ಕೊಡ್ಬೇಕು, ಹೇಳಿ ಪುಟ್ಟಮ್ಮ."

"ಅವರು ಅಲ್ಲಿ ಮರ ಮಲಗಿಸ್ತಾರೆ. ನಾನು ಮನುಷ್ಯರನ್ನ ಮಲಗಿಸ್ತೀನಿ. ನಿಮ್ಮಪ್ಪ ಕಟ್ಟಿಸಿದ್ದು ಯಾತಕ್ಕೆ, ನೀವೇ ಹೇಳಿ."

ಗೌಡರು ಎದ್ದು ಕೈಮುಗಿದರು. ನಾವು ಗೇಟಿನವರೆಗೆ ಬಂದಾಗ ಹಿಂದಿನಿಂದ ಆಳು ಓಡಿಬಂದು, ರಿಜಿಸ್ಟ್ರಿಗೆ ಯಾವತ್ತು ಆಗುತ್ತದೆಂದು ಗೌಡರು ಕೇಳುತ್ತಿದ್ದಾರೆ ಎಂದ. ಅತ್ತೆ ಚುರುಕಾಗಿ ಹೆಜ್ಜೆ ಹಾಕಿದರು. ಮನೆ ಹತ್ತಿರ ಬಂದ ಮೇಲೆ, "ಗೌಡರ ಮನೆ ಕಾಫಿಗೆ ಚಿಕೋರಿ ಜಾಸ್ತಿ" ಎಂದರು. ಸಂತೋಷವಾದಾಗ ಅವರು ಹೀಗೆ ಯಾವುದಾದರೊಂದು ಕೊರತೆ ಹೇಳುತ್ತಿದ್ದರು.

ರಿಜಿಸ್ಟ್ರಿಯ ದಿನ ಮೂಡಿಗೆರೆಗೆ ಹೋಗಲು ನಾನು ಒಳ್ಳೇ ಸೀರೆ ಉಟ್ಟು ಸಿದ್ಧಳಾಗಿದ್ದೆ. ಜಾವಳಿಯಿಂದ ಒಬ್ಬ ಗದ್ದೆಕೆಸರಿನ ಕಾಲಲ್ಲೇ ಬಂದು ಬಾಗಿಲಲ್ಲಿ ನಿಂತ. ಅವನ ಹೆಂಡತಿಗೆ ಹಿಂದಿನ ದಿನದಿಂದ ನೋವು, ಮಗುವಿನ ಕೈ ಮೊದಲು ಬಂದಿದೆ ಎಂದ. ನಾನು ಅತ್ತೆಯ ಮುಖ ನೋಡಿದೆ. ಗೌಡರು ಆಗಲೇ ಮೂಡಿಗೆರೆಗೆ ಹೊರಟಾಗಿತ್ತು. ಆ ದಿನ ತಪ್ಪಿದರೆ ತಿಮ್ಮಪ್ಪಯ್ಯ ಬಿಡುವವರಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿ ಚೀಲ ಎತ್ತಿಕೊಂಡೆ.

"ಹೋಗ್ತೀಯಾ?" ಎಂದರು ಅತ್ತೆ.

"ಹೋಗ್ಬೇಕಲ್ಲ."

"ಹಂಗಾದ್ರೆ ಪತ್ರ ನನ್ನ ಹೆಸರಿಗೇ ಆಗ್ಲಿ. ಹೆಬ್ಬೆಟ್ಟು ಒತ್ತಕ್ಕೆ ನನಗೂ ಬರ್ತದೆ" ಎಂದು ಚಪ್ಪಲಿ ಮೆಟ್ಟಿಕೊಂಡರು. ಒಂದೇ ಬಾಗಿಲಿನಿಂದ ಹೊರಬಿದ್ದು ಅವರು ಬಲಕ್ಕೆ ಹೋದರು, ನಾನು ಎಡಕ್ಕೆ ಹೋದೆ. ಜಾವಳಿಯ ಹೆಂಗಸು ಉಳಿದಳು, ಮಗುವೂ ಉಳಿಯಿತು. ಸಂಜೆ ಮನೆಗೆ ಬಂದಾಗ ಅತ್ತೆ ಶಾಯಿ ಬಳಿದ ಹೆಬ್ಬೆರಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು.

ಆ ಬೇಸಿಗೆಯಷ್ಟು ಖುಷಿಯ ದಿನಗಳನ್ನು ನಾನು ಆಮೇಲೆ ಕಂಡದ್ದು ಕಡಿಮೆ. ಬೆಳಿಗ್ಗೆ ದವಾಖಾನೆ, ಮಧ್ಯಾಹ್ನ ಎಸ್ಟೇಟಿನ ಸುತ್ತು, ಬಿಸಿಲಿಳಿದ ಮೇಲೆ ಕೊಟ್ಟಿಗೆಯಲ್ಲಿ ಮಣ್ಣು ಕೆಲಸ. ಲಂಟಾನ ಕಡಿಸಿ, ನೆಲ ಗಟ್ಟಿಸಿ, ಕೊಟ್ಟಿಗೆಯನ್ನು ಅಡ್ಡಗೋಡೆಗಳಿಂದ ಕೋಣೆ ಕೋಣೆಯಾಗಿ ಒಡೆದೆವು. ಕಾಫಿ ಹೂಬಿಟ್ಟ ವಾರ ಗೋಡೆಗೆ ಸುಣ್ಣ ಹೊಡೆಸಿದ್ದು ನೆನಪಿದೆ. ಗುಡ್ಡದ ಮೇಲಿಂದ ಹೂವಿನ ವಾಸನೆ, ಕೆಳಗೆ ಹಸಿಸುಣ್ಣದ ವಾಸನೆ, ರಸ್ತೆಯಿಂದ ಇದ್ದಿಲಿನ ಹೊಗೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾರೆಯವರಿಗೆ ಕೆಲಸ ಹೇಳುತ್ತಿದ್ದರು.

ಮುಂದಿನ ಕೋಣೆಗೆ ಬಾಡಿಗೆಗೆ ಬಂದವರು ಇಬ್ರಾಹಿಂ ಸಾಹೇಬರು. ಘಟ್ಟದ ಕೆಳಗಿನವರು, ಬಸ್ಸುಗಳ ಗ್ಯಾಸಿನ ಡ್ರಮ್ಮು ರಿಪೇರಿ ಮಾಡುವುದು, ಇದ್ದಿಲು ಮಾರುವುದು ಅವರ ಉದ್ಯೋಗ. ಅವರಿಗೂ ಅತ್ತೆಗೂ ಮೊದಲ ದಿನದಿಂದಲೇ ಜಗಳ.

"ಗೋಡೆ ಕಪ್ಪಾದ್ರೆ ಸುಣ್ಣ ನೀವೇ ಹೊಡೆಸ್ಬೇಕು ಸಾಹೇಬ್ರೆ."

"ಇದ್ದಿಲಂಗಡಿ ಗೋಡೆ ಕಪ್ಪಾಗ್ದೆ ಬಿಳಿ ಇರ್ತದಾ ಅಮ್ಮಾ?"

"ನಿಮ್ಮಂಗಡಿ ಒಳಗೆ ಏನಾದ್ರೂ ಆಗ್ಲಿ. ಹೊರಗಿನ ಗೋಡೆ ನಂದು."

"ಹಂಗಾದ್ರೆ ಮಳೆ ನೀರು ಒಳಗೆ ಬಂದ್ರೆ ಅದೂ ನಿಮ್ದೇ ಅಂತಾಯ್ತು, ಮಾರಾಯ್ರೆ."

ಇಂಥ ಮಾತುಗಳಿಗೆ ಅತ್ತೆ ಹೊರಗೆ ಸಿಡುಕಿದರೂ ಒಳಗೆ ಬಂದು ನಗುತ್ತಿದ್ದರು. ಸಾಹೇಬರ ಹೆಂಡತಿ ಮಕ್ಕಳು ಘಟ್ಟದ ಕೆಳಗೇ ಇದ್ದರು. ಮಧ್ಯಾಹ್ನ ಅವರೊಬ್ಬರೇ ಗಂಜಿ ಕಾಸಿಕೊಳ್ಳುವುದನ್ನು ನೋಡಿ ಅತ್ತೆ ಉಪ್ಪಿನಕಾಯಿ ಕಳಿಸುವುದಕ್ಕೂ ಶುರುಮಾಡಿದರು. ಉಳಿದ ಕೋಣೆಗಳಲ್ಲಿ ಬಸ್ಸಿಗೆ ಕಾದವರು, ಬಸ್ಸು ತಪ್ಪಿದವರು ತಂಗತೊಡಗಿದರು. ಮೇ ತಿಂಗಳ ಕೊನೆಗೆ ಅತ್ತೆ ನನ್ನನ್ನು ಕೂರಿಸಿಕೊಂಡು, "ಸಮ ಆಯ್ತು ಸೀತು. ಇನ್ನು ಬಿಡು" ಎಂದರು. ನಾನು ಮಳೆಗಾಲ ಕಳೆಯಲಿ ಎಂದೆ. ಯಾಕೆ ಹಾಗೆಂದೆನೋ ಆಗ ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಮೇಲೆ ಮೇಲಿನವರಿಗೆ ಒಂದು ಮೂಗರ್ಜಿ ಹೋಗಿತ್ತು. ಸರ್ಕಾರದ ಸಂಬಳ ತಿನ್ನುವ ನರ್ಸು ದವಾಖಾನೆ ಬಿಟ್ಟು ಮನೆ ವ್ಯಾಪಾರ ಮಾಡುತ್ತಾಳೆ, ನಿಯಮ ತಪ್ಪಿಸಿಕೊಳ್ಳಲು ಮುದುಕಿಯ ಹೆಸರಲ್ಲಿ ಆಸ್ತಿ ಮಾಡಿದ್ದಾಳೆ ಎಂದು. ಬರೆದವರು ಯಾರೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. ದವಾಖಾನೆಯ ಡಾಕ್ಟರು ನನ್ನನ್ನು ಕರೆದು ಎದುರಿಗೆ ಕೂರಿಸಿದರು. ಬಿಗಿ ಮನುಷ್ಯ, ಆದರೆ ನ್ಯಾಯವಂತರು.

"ಪತ್ರ ಯಾಕೆ ಅತ್ತೆ ಹೆಸರಲ್ಲಿ ಆಯ್ತು?" ಎಂದು ಕೇಳಿದರು.

ಜಾವಳಿಯ ಹೆರಿಗೆಯ ಕತೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ನಂಬ್ತೀನಮ್ಮ. ಹಾಗೇ ಬರೆದೂ ಕಳಿಸ್ತೀನಿ. ಆದ್ರೆ ಮೇಲಿನವರಿಗೆ ಇಷ್ಟು ಉದ್ದದ ಕತೆ ಕೇಳೋ ವ್ಯವಧಾನ ಇರಲ್ಲ."

ಅವರು ಹೇಳಿದಂತೆಯೇ ಆಯಿತು. ಮಳೆಗಾಲ ಮುಗಿಯುವವರೆಗೆ ನನ್ನನ್ನು ಕಳಸಕ್ಕೆ ಹಾಕಿದರು. ಅತ್ತೆಗೆ ಹೇಳಿದಾಗ ಅವರು, "ಹೋಗ್ಲೇಬೇಡ. ರಾಜೀನಾಮೆ ಕೊಡು, ಇವತ್ತೇ ಕೊಡು" ಎಂದರು. ಕಳ್ಳಿಯ ಹಾಗೆ ಬಿಟ್ಟುಹೋಗಲು ನನಗೆ ಮನಸ್ಸಾಗಲಿಲ್ಲ. ಮೂರು ತಿಂಗಳು ಮಾಡಿ ಬಂದು, ತಲೆಯೆತ್ತಿಕೊಂಡು ಬಿಡುತ್ತೇನೆ ಎಂದೆ. ಅತ್ತೆ ನನ್ನ ಟ್ರಂಕಿಗೆ ಕಂಬಳಿ ತುರುಕುತ್ತಾ ಇಡೀ ಹೊತ್ತು ತಿಮ್ಮಪ್ಪಯ್ಯನವರ ಮನೆತನವನ್ನು ಬಯ್ದರು.

ಕಳಸದ ಮಳೆಯ ಬಗ್ಗೆ ಏನು ಹೇಳಲಿ. ಬಣಕಲ್ಲಿನಲ್ಲಿ ಮಳೆ ನಿಂತು ನಿಂತು ಬರುತ್ತಿತ್ತು. ಅಲ್ಲಿ ಅದಕ್ಕೆ ನಿಲ್ಲುವುದೆಂದರೆ ಗೊತ್ತಿರಲಿಲ್ಲ. ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಬೇಕು. ಗುಡ್ಡಗಳ ತಲೆ ಕಾಣುತ್ತಿರಲಿಲ್ಲ, ಭದ್ರಾ ಹೊಳೆಯ ಸದ್ದು ಮಾತ್ರ ಎಲ್ಲ ಕಡೆಯಿಂದ ಕೇಳುತ್ತಿತ್ತು. ಜನ ಒಳ್ಳೆಯವರು. ಮಳೆಗೆ ಎಲೆಯ ಗೊರಬು ಹೊದಿಸಿ, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ ತಂಬಾಕು ಸವರಿ ನನ್ನನ್ನು ಮನೆಯಿಂದ ಮನೆಗೆ ನಡೆಸಿಕೊಂಡು ಹೋಗುತ್ತಿದ್ದರು.

ಹೊಳೆಯಾಚೆಯ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಬಸುರಿಯಾಗಿದ್ದಳು. ಶಾರದೆ ಎಂದು ಹೆಸರು. ನೀರು ಕಡಿಮೆಯಿದ್ದಾಗ ಒಂದೆರಡು ಸಲ ಹೋಗಿ ನೋಡಿ ಬಂದಿದ್ದೆ. ಚೊಚ್ಚಲು, ಹೆದರಿದ್ದಳು. "ನೀವು ಬರ್ತೀರಲ್ಲ ಅಕ್ಕ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಬರದೆ ಏನು ಎಂದಿದ್ದೆ. ಅವಳಿಗೆ ನೋವು ಶುರುವಾದ ಸುದ್ದಿ ಆಚೆ ದಡದಿಂದ ಕೂಗಿನಲ್ಲಿ ಬಂತು. ನಾನು ದಡಕ್ಕೆ ಹೋದಾಗ ಹೊಳೆ ಕೆಂಪಾಗಿ, ಬುಡಸಮೇತ ಮರಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ದೋಣಿಯವನು ದೋಣಿಯನ್ನು ಮೇಲಕ್ಕೆಳೆದು ಕಟ್ಟಿಹಾಕಿದ್ದ.

"ನನ್ನ ಜೀವದ ಮಾತಲ್ಲ ನರ್ಸಮ್ಮ. ನಿಮ್ಮನ್ನ ಮುಳುಗಿಸಿದ್ರೆ ಈ ಸೀಮೆಗೆ ಯಾರಿದಾರೆ?" ಎಂದ.

ಇಡೀ ಹಗಲು ದಡದಲ್ಲಿ ನಿಂತಿದ್ದೆ. ಆಚೆ ದಡದಲ್ಲಿ ರೈಟರು ನಿಂತಿದ್ದರು. ಮಳೆಯ ನಡುವೆ ಒಬ್ಬರಿಗೊಬ್ಬರು ಕಾಣುತ್ತಿದ್ದೆವು, ಮಾತು ಕೇಳುತ್ತಿರಲಿಲ್ಲ. ಮರುದಿನ ನೀರು ಸ್ವಲ್ಪ ಇಳಿದಾಗ ದೋಣಿಯವನು ತಾನಾಗಿಯೇ ಬಂದು ಕರೆದ. ನಾನು ತಲುಪುವಷ್ಟರಲ್ಲಿ ಶಾರದೆ ಹೋಗಿದ್ದಳು. ಮಗು ಅವರ ನೆರೆಮನೆಯ ಹೆಂಗಸಿನ ಮಡಿಲಲ್ಲಿತ್ತು. ಅದಕ್ಕೆ ಹೊಕ್ಕುಳು ಸರಿಯಾಗಿ ಕಟ್ಟಿ, ಮೀಯಿಸಿ, ಬಟ್ಟೆ ಸುತ್ತಿದೆ. ರೈಟರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದೋಣಿಯವರೆಗೆ ಬಂದು ಕೈಹಿಡಿದು ಹತ್ತಿಸಿದರು. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆ ದಿನ ನಾನು ತೀರ್ಮಾನ ಮಾಡಿದೆ. ಸಾಕು. ಬಾಡಿಗೆ ಬರುತ್ತದೆ, ಸೂರಿದೆ, ಅತ್ತೆ ಹೇಳಿದ್ದೇ ಸರಿ. ಯಾರ ಕಣ್ಣಿನಲ್ಲೂ ನನ್ನ ದಾರಿ ಕಾಯುವ ಆ ನೋಟವನ್ನು ಇನ್ನು ನೋಡಲಾರೆ.

ಹಳ್ಳಗಳು ಇಳಿದು ದಾರಿ ಬಿಡುತ್ತಲೇ ರಜೆ ಕೇಳಿಕೊಂಡು ಹೊರಟೆ. ಜಾವಳಿಯವರೆಗೂ ನಡೆದು, ಅಲ್ಲಿಂದ ಒಂದು ಗಾಡಿ ಹಿಡಿದು ಬಣಕಲ್ಲಿಗೆ ಬಂದೆ. ರಸ್ತೆಬದಿಯಲ್ಲಿ ಬಸ್ಸಿರಲಿಲ್ಲ. ಚಾರ್ಮಾಡಿಯಲ್ಲಿ ಮಣ್ಣು ಕುಸಿದು ಘಟ್ಟದ ದಾರಿ ಮುಚ್ಚಿಹೋಗಿದೆ ಎಂದು ಗಾಡಿಯವನು ಹೇಳಿದ್ದ. ಕೊಟ್ಟಿಗೆಯ ಮುಂದೆ ಹಗ್ಗ ಕಟ್ಟಿ ಯಾರ್ಯಾರದೋ ಬಟ್ಟೆ ಒಣಹಾಕಿದ್ದರು. ಇಬ್ರಾಹಿಂ ಸಾಹೇಬರು ನನ್ನನ್ನು ಕಂಡವರೇ ಎದ್ದುಬಂದರು.

"ಬಂದ್ರಾ ಅಮ್ಮಾ. ಒಳಗೆ ಹೋಗಿ ನೋಡಿ, ನಿಮ್ಮತ್ತೆ ನಿಮ್ಮ ಕೆಲ್ಸ ಕಿತ್ಕೊಂಡಿದಾರೆ" ಎಂದರು.

ಕಡೆಯ ಕೋಣೆಯಲ್ಲಿ ಒಬ್ಬ ಹುಡುಗಿ ಮಲಗಿದ್ದಳು, ಪಕ್ಕದಲ್ಲಿ ಕೆಲವೇ ದಿನಗಳ ಕೂಸು. ಅತ್ತೆ ಅವಳಿಗೆ ಗಂಜಿ ಕುಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಮಗೂನ ಒಂದ್ಸಲ ನೋಡು. ಹೊಕ್ಕುಳು ಸರಿ ಇದೆಯಾ ನೋಡು" ಎಂದರು. ಅವರ ದನಿ ನಡುಗುತ್ತಿತ್ತು. ಆ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ, ಮಗ ಸತ್ತಾಗಲೂ.

ನಡೆದದ್ದನ್ನು ಆಮೇಲೆ ಅವರೂ ಸಾಹೇಬರೂ ಸರದಿಯಲ್ಲಿ ಹೇಳಿದರು. ಹುಡುಗಿಯ ಹೆಸರು ಗಿರಿಜೆ. ಗಂಡ ಒಂದು ಎಸ್ಟೇಟಿನಲ್ಲಿ ಆಳು. ಅವನಿಗೆ ರಜೆ ಸಿಗದೆ, ಹೆರಿಗೆಗೆ ಘಟ್ಟದ ಕೆಳಗಿನ ತವರಿಗೆ ಒಬ್ಬಳೇ ಹೊರಟವಳು ದಾರಿ ಮುಚ್ಚಿ ಬಣಕಲ್ಲಿನಲ್ಲೇ ಉಳಿದುಬಿಟ್ಟಳು. ಸಿಕ್ಕಿಬಿದ್ದ ಜನವನ್ನೆಲ್ಲ ಅತ್ತೆ ಬಾಡಿಗೆ ಕೇಳದೆ ಕೊಟ್ಟಿಗೆಯೊಳಕ್ಕೆ ಸೇರಿಸಿದ್ದರು. ಅವಳಿಗೆ ಮಧ್ಯಾಹ್ನ ನೋವು ಬಂತು. ನಾನಿರಲಿಲ್ಲ. ಡಾಕ್ಟರು ಮೂಡಿಗೆರೆಗೆ ಹೋಗಿದ್ದರು. ತಂಗಿದ್ದವರಲ್ಲಿ ಹೆಂಗಸರೆಂದರೆ ಒಬ್ಬಳು ಮುದುಕಿ, ಒಬ್ಬಳು ಎಳೆ ಹುಡುಗಿ. ಇಬ್ಬರೂ ಹೆದರಿ ಗೋಡೆಗೆ ಒರಗಿದ್ದರು. ಗಿರಿಜೆಗೆ ತುಳು ಬಿಟ್ಟರೆ ಬೇರೆ ಬರದು, ಅತ್ತೆಗೆ ತುಳುವಿನ ಗಂಧವಿಲ್ಲ. ಸಾಹೇಬರಿಗೆ ತುಳು ಬರುತ್ತಿತ್ತು. ಅವರನ್ನು ಬಾಗಿಲ ಹೊರಗೆ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು.

"ಏನಂತಾಳೆ ಸಾಹೇಬ್ರೆ? ಅಪ್ಪೆ ಅಪ್ಪೆ ಅಂತಾಳಲ್ಲ, ಎಂತದು?"

"ಅವ್ವನ್ನ ಕರೀತಿದಾಳೆ ಅಮ್ಮಾ."

"ಇಲ್ಲೇ ಇದೀನಿ ಅಂತ ಹೇಳಿ."

ಸಾಹೇಬರು ಮಳೆಗೆ ಮುಖವೊಡ್ಡಿಕೊಂಡು ತುಳುವಿನಲ್ಲಿ ಕೂಗಿ ಹೇಳಿದರಂತೆ. ಆಮೇಲೆ ತಳ್ಳು ಎನ್ನುವುದು, ಉಸಿರು ಬಿಡು ಎನ್ನುವುದು, ಹೆದರಬೇಡ ಎನ್ನುವುದು ಎಲ್ಲ ಹಾಗೆಯೇ ನಡೆಯಿತು. ಬ್ಲೇಡೂ ದಾರವೂ ಕುದಿಯುವ ನೀರಿಗೆ ಹಾಕಬೇಕೆಂಬುದು ಅತ್ತೆಗೆ ನನ್ನನ್ನು ನೋಡಿ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಮಗು ಬಂದು ಅಳಲಿಲ್ಲ. ತಲೆಕೆಳಗು ಹಿಡಿದರು, ಬೆನ್ನು ತಿಕ್ಕಿದರು. "ನನ್ನ ಕೈಲೇ ಹೋಗ್ತದೆ ಅಂದ್ಕೊಂಡೆ ಸೀತು. ಆಮೇಲೆ ಅತ್ತಿತು" ಎಂದರು. ಹೊರಗೆ ನಿಂತಿದ್ದ ಸಾಹೇಬರು ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದರಂತೆ.

ಮಗುವನ್ನು ನೋಡಿದೆ. ಹೊಕ್ಕುಳು ಒಣಗುತ್ತಾ ಬಂದಿತ್ತು. ಕಟ್ಟು ಒಂದಿಷ್ಟು ದೊರಗಾಗಿತ್ತು, ಅಷ್ಟೆ. ಚೆನ್ನಾಗಿದೆ ಎಂದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ಸಂಜೆ ಒಲೆಯ ಮುಂದೆ ಕೂತಾಗ ನಾನು ಶಾರದೆಯ ಸುದ್ದಿ ಹೇಳಿದೆ. ನನ್ನ ಕೆಲಸದ ಮಾತನ್ನು ಅತ್ತೆ ಪೂರ್ತಿ ಕೇಳಿದ್ದು ಅದೇ ಮೊದಲು. ಹೊಳೆ ಎಷ್ಟು ಅಗಲ, ಅವಳಿಗೆ ಎಷ್ಟು ವಯಸ್ಸು, ಮಗು ಈಗ ಯಾರ ಹತ್ತಿರ ಎಂದೆಲ್ಲ ಕೇಳಿದರು. ಕೊನೆಗೆ ನಾನು ಹೇಳಿದೆ:

"ನೀವಂದಂಗೇ ಆಗ್ಲಿ ಅತ್ತೆ. ನಾಳೆ ರಾಜೀನಾಮೆ ಬರೆದು ಕೊಡ್ತೀನಿ."

ಅತ್ತೆ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ಉರಿ ಸಣ್ಣ ಮಾಡಿದರು.

"ಬೇಡ" ಎಂದರು.

"ನೀವೇ ಅಲ್ವಾ ಇಷ್ಟು ವರ್ಷ ಹೇಳಿದ್ದು?"

"ಹೇಳಿದ್ದೆ. ಏನು ಹೇಳ್ತಿದೀನಿ ಅಂತ ಗೊತ್ತಿರ್ಲಿಲ್ಲ. ಆ ಹುಡುಗಿ ನನ್ನ ಕೈ ಹಿಡ್ಕೊಂಡಿದ್ದು ನೋಡು, ಇಲ್ಲಿ ಇನ್ನೂ ಗುರುತಿದೆ. ಅಷ್ಟೊತ್ತೂ ನಾನು ಬಾಗಿಲು ನೋಡ್ತಿದ್ದೆ, ನೀನು ಬರ್ತೀಯೇನೋ ಅಂತ." ಕೊಳ್ಳಿಯನ್ನು ಮತ್ತೆ ಮುಂದಕ್ಕೆ ತಳ್ಳಿ, "ಬಾಡಿಗೆ ವಸೂಲಿಗೆ ನಾನಿದೀನಿ. ನಾನು ಸತ್ರೆ ಇನ್ನೊಬ್ರು ಬರ್ತಾರೆ. ಕಳಸಕ್ಕೆ ಹೋಗು ಸೀತು" ಎಂದರು.

ನಾನು ಬಹಳ ಹೊತ್ತು ಅಳುತ್ತಾ ಕೂತೆ. ಅವರು ತಡೆಯಲಿಲ್ಲ. ವಾರ ಕಳೆದು ಕಳಸಕ್ಕೆ ಮರಳಿದೆ. ಮಳೆಗಾಲ ಮುಗಿದ ಮೇಲೆ ಡಾಕ್ಟರು ಒತ್ತಾಯ ಮಾಡಿ ನನ್ನನ್ನು ಬಣಕಲ್ಲಿಗೆ ತಿರುಗಿ ಕರೆಸಿಕೊಂಡರು. ನಿವೃತ್ತಿಯವರೆಗೂ ಅದೇ ಕೆಲಸ ಮಾಡಿದೆ. ನಡುವೆ ಇನ್ನೂ ಒಂದೆರಡು ಮನೆ ಕೊಂಡೆವು, ಮೂಡಿಗೆರೆಯದನ್ನು ಮಾರಿದೆವು. ತಿಮ್ಮಪ್ಪಯ್ಯನವರ ಸೊಸೆಯ ಹೆರಿಗೆಯನ್ನೂ ನಾನೇ ಮಾಡಿಸಿದೆ. ಅವರು ಅಂಗಳದಲ್ಲಿ ನಿಂತು ಏನೋ ಹೇಳಲು ಹೊರಟು, ಬಿಸಿನೀರು ಸಾಕೇ ಎಂದು ಕೇಳಿ ಒಳಗೆ ಹೋದರು.

ಯುದ್ಧ ಮುಗಿದು ಪೆಟ್ರೋಲು ಬಂತು. ಇದ್ದಿಲ ಬಸ್ಸುಗಳು ಹೋದವು, ಇಬ್ರಾಹಿಂ ಸಾಹೇಬರು ಹೆಂಡತಿ ಮಕ್ಕಳನ್ನು ಮೇಲಕ್ಕೆ ಕರೆತಂದು ಅದೇ ಕೋಣೆಯಲ್ಲಿ ಸೈಕಲ್ ಶಾಪು ಇಟ್ಟರು. ಕೊಟ್ಟಿಗೆಯ ಕೋಣೆಗಳಿಗೆ ಬೇಡಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಸಂತೆಯ ದಿನ ವ್ಯಾಪಾರಿಗಳು ಬಾಗಿಲ ಮುಂದೆ ನಿಂತು ಅತ್ತೆಯ ಹತ್ತಿರ ಗೋಗರೆಯುತ್ತಿದ್ದರು. ಒಂದು ಚಪ್ಪಡಿಕಲ್ಲನ್ನೂ ಬಾಡಿಗೆಯಿಲ್ಲದೆ ಬಿಟ್ಟವರಲ್ಲ ಅವರು. ಆದರೆ ಕಡೆಯ ಕೋಣೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಗುಡಿಸಿ, ಚಾಪೆ ಕೊಡವಿ ಹಾಸಿ, ನೀರಿನ ಹಂಡೆ ತುಂಬಿಸಿ ಬರುತ್ತಿದ್ದರು. ಘಟ್ಟ ಹತ್ತುವ ಇಳಿಯುವ ಬಸುರಿಯರು ಅಲ್ಲಿ ತಂಗುತ್ತಿದ್ದರು. ಎಷ್ಟೋ ಸಲ ತಿಂಗಳುಗಟ್ಟಲೆ ಯಾರೂ ಬರುತ್ತಿರಲಿಲ್ಲ.

"ಆ ಕೊನೆ ರೂಮು ಖಾಲಿ ಇದೆಯಲ್ಲ ಪುಟ್ಟಮ್ಮ, ಅದನ್ನಾದ್ರೂ ಕೊಡಿ" ಎಂದು ಯಾರಾದರೂ ಕೇಳಿದರೆ ಅತ್ತೆ ತಲೆಯೆತ್ತದೆ ಹೇಳುತ್ತಿದ್ದರು:

"ಖಾಲಿ ಎಲ್ಲಿದೆ ಮಾರಾಯ್ರೆ. ಅದಕ್ಕೆ ಜನ ಇದಾರೆ, ದಾರಿಯಲ್ಲಿದಾರೆ."